ಅಂಟು ಹಾಕುವ ಮುನ್ನ

— ದೊಡ್ಡಪ್ಪ, ಮನೇಲಿ ಅರಾಲ್ಡೈಟ್ ಇದೆಯಾ? ಐದು ನಿಮಿಷಕ್ಕೆ ಗಟ್ಟಿಯಾಗುತ್ತಲ್ಲ, ಆ ಥರದ್ದು.

— ಇದೆ. ಆದ್ರೆ ಈಗ ಕೊಡಲ್ಲ. ಆ ಗೋಣಿಚೀಲದಲ್ಲಿ ಇರೋ ಮಾಡೆಲ್ ವಿಮಾನದ ಚೂರನ್ನೆಲ್ಲ ಮೊದಲು ಇಲ್ಲಿ ಪೇಪರ್ ಹಾಸಿ ಹರಡು. ಬ್ಯಾಟರಿ ಎಲ್ಲಿ?

— ಅದನ್ನ ಹೊರಗೆ, ಮರಳು ತುಂಬಿದ ಮಣ್ಣಿನ ಕುಂಡದಲ್ಲಿ ಇಟ್ಟು ಬಂದೆ. ಒಂದು ಮೂಲೆ ಜಜ್ಜಿಹೋಗಿದೆ. ಲಿಥಿಯಂ ಪಾಲಿಮರ್ ಬ್ಯಾಟರಿ ಬಿದ್ದ ಕೂಡಲೇ ಏನೂ ಆಗದೆ ಇರಬಹುದು. ಆದ್ರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿದ್ರೆ ಎಷ್ಟೋ ಹೊತ್ತಿನ ಮೇಲೂ ಬೆಂಕಿ ಹತ್ತಿಕೊಳ್ಳುತ್ತೆ. ಅದನ್ನ ಇನ್ನು ಚಾರ್ಜಿಗೆ ಹಾಕಲ್ಲ.

— ಒಳ್ಳೆ ಕೆಲಸ ಮಾಡಿದೆ. ನಾನು ಎನ್‌ಸಿಸಿ ಏರ್ ವಿಂಗ್‌ನಲ್ಲಿ ಮಾಡೆಲ್ ಹಾರಿಸ್ತಿದ್ದಾಗ ಈ ಅಪಾಯ ಇರಲಿಲ್ಲ. ಎರಡು ತಂತಿ ಕಟ್ಟಿ ಸುತ್ತಲೂ ತಿರುಗಿಸೋ ಕಂಟ್ರೋಲ್ ಲೈನ್ ವಿಮಾನ, ಮೆಥನಾಲ್ ಜೊತೆ ಹರಳೆಣ್ಣೆ ಬೆರೆಸಿದ ಇಂಧನ. ಬಿದ್ದರೆ ಎಂಜಿನ್‌ಗೆ ಮಣ್ಣು ಮೆತ್ತಿಕೊಳ್ತಿತ್ತು, ತೊಳೆದರೆ ಮುಗೀತು. ಸರಿ, ಬಿದ್ದ ಜಾಗದಲ್ಲಿ ಎಲ್ಲ ಹೆಕ್ಕಿ ತಂದೆಯಾ?

— ಚಕ್ಕೆ ಚೂರೂ ಬಿಟ್ಟಿಲ್ಲ. ರಾಗಿ ಕೂಳೆ ಮಧ್ಯೆ ನಾಲ್ಕು ಜನ ಸಾಲಾಗಿ ನಡೆದು ಹುಡುಕಿದೆವು. ಫೋಟೋನೂ ತೆಗೆದಿದ್ದೀನಿ.

— ಫೋಟೋ ತೆಗೆದದ್ದು ಬಹಳ ಒಳ್ಳೇದಾಯ್ತು. ಇಲ್ಲೇ ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ವಿಮಾನ ಅಪಘಾತಗಳಲ್ಲಿ ಮುರಿದ ಭಾಗಗಳನ್ನೇ ಪರೀಕ್ಷೆ ಮಾಡೋ ತಂಡ ಇದೆ. ಮುರಿದ ಎರಡು ತುದಿಗಳನ್ನ ಮತ್ತೆ ಒಂದಕ್ಕೊಂದು ಜೋಡಿಸಿ ನೋಡಬಾರದು ಅನ್ನೋದು ಆ ಕೆಲಸದ ಮೊದಲ ಪಾಠ. ಉಜ್ಜಿದರೆ ಮುರಿತದ ಮುಖ ಸವೆದುಹೋಗುತ್ತೆ, ಅದರಲ್ಲಿ ಇದ್ದ ಸಾಕ್ಷಿನೂ ಹೋಗುತ್ತೆ. ನೀನು ಕೇಳಿದ ತಕ್ಷಣ ಅಂಟು ಕೊಡದೆ ಇದ್ದದ್ದು ಅದಕ್ಕೇ. ಯಾಕೆ ಬಿತ್ತು?

— ಸಿಗ್ನಲ್ ಕಟ್ ಆಯ್ತು ಅಂತ ಎಲ್ಲರೂ ಅಂದರು. ಲೂಪ್ ಹಾಕಿ ಕೆಳಗೆ ಬರ್ತಾ ಇತ್ತು. ಸ್ಟಿಕ್ ಪೂರ್ತಿ ಎಳೆದರೂ ಮೇಲೆ ಏಳಲಿಲ್ಲ, ಮೂಗು ನೆಟ್ಟಗೆ ನೆಲಕ್ಕೆ.

— ಸಿಗ್ನಲ್ ಹೋದರೆ ಏನಾಗೋ ಹಾಗೆ ಇಟ್ಟಿದ್ದೀರಿ?

— ಮೋಟಾರು ನಿಲ್ಲಬೇಕು. ಫೇಲ್‌ಸೇಫ್ ಹಾಗೇ ಸೆಟ್ ಮಾಡಿದ್ದೀವಿ.

— ನಿಂತಿತ್ತಾ?

— ಇಲ್ಲ… ನೆಲಕ್ಕೆ ಬಡಿಯೋವರೆಗೂ ಮೋಟಾರಿನ ಸದ್ದಿತ್ತು. ಅದಕ್ಕೂ ಮುಂಚೆ ಇನ್ನೊಂದು ಸದ್ದು ಬಂತು. ಬರ್ರ್ ಅಂತ, ಗಾಳಿಗೆ ಕಾಗದ ಹೊಡ್ಕೊಂಡ ಹಾಗೆ.

— ಹಾಗಾದರೆ ರೇಡಿಯೋವನ್ನ ಸದ್ಯಕ್ಕೆ ಬಿಡು. ಆ ಬಾಲ ಇಲ್ಲಿ ಕೊಡು. ನೋಡು, ಮೂಗನ್ನ ಏರಿಸಿ ಇಳಿಸೋ ಈ ಎಲಿವೇಟರ್ ಒಂದೇ ಹಿಂಜಿನಲ್ಲಿ ನೇತಾಡ್ತಾ ಇದೆ, ಉಳಿದವು ಕಿತ್ತುಬಂದಿವೆ. ಯಾವಾಗ ಕಿತ್ತವು, ನೆಲಕ್ಕೆ ಬಡಿದಾಗಲಾ, ಅದಕ್ಕೂ ಮುಂಚೆಯಾ?

— ಬಡಿದಾಗಲೇ ಇರಬೇಕು ಅಂದ್ಕೊಂಡೆ.

— ಯೋಚನೆ ಮಾಡು. ಮೂಗು ನೆಲಕ್ಕೆ ಕಚ್ಚಿದ ಕ್ಷಣ ಬಾಡಿ ನಿಂತುಬಿಡುತ್ತೆ. ಅದರ ಮೇಲೆ ಇರೋದೆಲ್ಲ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತೆ. ಎಲಿವೇಟರ್ ಇರೋದು ಬಾಲದ ಅಡ್ಡರೆಕ್ಕೆ, ಅಂದರೆ ಸ್ಟೆಬಿಲೈಸರ್‌ನ ಹಿಂದೆ.

— ಅಂದ್ರೆ ಅದು ಸ್ಟೆಬಿಲೈಸರ್ ಒಳಕ್ಕೆ ಒತ್ತಿಕೊಳ್ಳಬೇಕು. ಹಿಂದಕ್ಕೆ ಕಿತ್ತು ಬರಲ್ಲ!

— ಬರಲ್ಲ. ಬಾಲಕ್ಕೆ ಒಂದು ತರಚು ಗಾಯವೂ ಇಲ್ಲ, ಮಣ್ಣೂ ತಾಗಿಲ್ಲ. ಈಗ ಹಿಂಜಿನ ಪಟ್ಟಿ ನೋಡು. ಅದರ ಮೇಲೆ ಮರದ ಎಳೆ ಏನಾದರೂ ಅಂಟಿಕೊಂಡಿದೆಯಾ?

— ಇಲ್ಲ, ನುಣ್ಣಗಿದೆ. ತುದಿಯಲ್ಲಿ ಮಾತ್ರ ಒಂಚೂರು ಅಂಟು ಗಟ್ಟಿಯಾಗಿದೆ.

— ಅಂಟು ಚೆನ್ನಾಗಿ ಹಿಡಿದಿದ್ದರೆ ಬಾಲ್ಸಾ ಹರಿದು ಅದರ ಎಳೆಗಳು ಪಟ್ಟಿಯ ಜೊತೆ ಬರ್ತಿದ್ದವು. ನುಣ್ಣಗೆ ಬಂದಿದೆ ಅಂದರೆ ಮರ ಸೋತಿಲ್ಲ, ಅಂಟು ಸೋತಿದೆ. ಇದನ್ನ ಕಟ್ಟಿದವರು ದಪ್ಪ ಅಂಟು ಹಾಕಿದ್ದಾರೆ. ಅದು ಸೀಳಿನ ಬಾಯಲ್ಲೇ ಗಟ್ಟಿಯಾಗಿ ಒಳಕ್ಕೆ ಇಳಿದೇ ಇಲ್ಲ. ಒಂದು ಹಿಂಜು ಸಡಿಲ ಆಗಿದೆ, ಇಳಿಯೋವಾಗ ವೇಗ ಏರಿದೆ, ಎಲಿವೇಟರ್ ಅದುರೋಕೆ ಶುರುವಾಗಿದೆ. ನೀನು ಕೇಳಿದ ಬರ್ರ್ ಅದೇ, ಫ್ಲಟರ್ ಅಂತಾರೆ. ಅದುರಿದಷ್ಟೂ ಮಿಕ್ಕ ಹಿಂಜುಗಳು ಕಿತ್ತವು. ಆಮೇಲೆ ನೀನು ಸ್ಟಿಕ್ ಎಳೆದರೆ ಅದನ್ನ ಆಡಿಸೋ ಸರ್ವೋ ತಿರುಗಿರುತ್ತೆ, ಎಲಿವೇಟರ್ ಮಾತ್ರ ಮಾತು ಕೇಳಿಲ್ಲ.

— ಬರೀ ಮೂಗು, ರೆಕ್ಕೆ ಅಂಟಿಸಿ ಮತ್ತೆ ಹಾರಿಸಿದ್ದರೆ ಇನ್ನೊಂದು ಸಲ ಹೀಗೇ ಬೀಳ್ತಿತ್ತು.

— ಮುಂದಿನ ಸಲ ಎದುರಿಗೆ ಜನ ಇದ್ದಿದ್ದರೆ? ಎರಡು ಕಿಲೋ ತೂಕದ ವಿಮಾನ, ಮುಂದೆ ತಿರುಗೋ ಪ್ರೊಪೆಲ್ಲರ್. ಇದನ್ನ ಆಟಿಕೆ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ.

— ಹಿಂಜನ್ನ ಹೇಗೆ ಸರಿ ಮಾಡೋದು? ಹಳೇ ಸೀಳಿಗೇ ಹಾಕಿದರೆ ಒಳಗೆ ಇರೋ ಗಟ್ಟಿ ಅಂಟಿನ ಮೇಲೆ ಹೊಸ ಅಂಟು ಹಿಡಿಯಲ್ಲ.

— ಹಳೇದನ್ನ ಮುಚ್ಚಿ ಪಕ್ಕದಲ್ಲಿ ಹೊಸ ಸೀಳು ಹಾಕು. ಪಟ್ಟಿ ಕೂರಿಸಿ, ಎಲಿವೇಟರ್ ಆಡೋದನ್ನ ನೋಡಿ, ತೆಳು ಸೈನೋಅಕ್ರಿಲೇಟ್‌ನ ಅಂಟನ್ನ ಮೇಲಿಂದ ಎರಡು ಹನಿ, ತಿರುಗಿಸಿ ಕೆಳಗಿಂದ ಎರಡು ಹನಿ. ಅದು ನೀರಿನಷ್ಟೇ ತೆಳು, ತಾನೇ ಒಳಕ್ಕೆ ಇಳಿಯುತ್ತೆ. ಮರದಲ್ಲಿರೋ ಅಲ್ಪ ತೇವಾಂಶವೇ ಅದನ್ನ ಗಟ್ಟಿ ಮಾಡೋದು. ಹೊಗೆ ಕಣ್ಣಿಗೆ ಉರಿ, ಮುಖ ಹತ್ತಿರ ತರಬೇಡ. ಆರಿದ ಮೇಲೆ ಪ್ರತಿಯೊಂದನ್ನೂ ಕೈಯಲ್ಲಿ ಜಗ್ಗಿ ನೋಡು. ಇಲ್ಲಿ ಕಿತ್ತರೆ ಕಿತ್ತುಕೊಳ್ಳಲಿ.

— ಈಗ ರೆಕ್ಕೆ ನೋಡಿ. ಇದು ನನಗೆ ಅರ್ಥವೇ ಆಗಲಿಲ್ಲ. ರೆಕ್ಕೆ ಹಿಡಿಸೋ ಬೋಲ್ಟ್‌ಗೆ ಏನೂ ಆಗಿಲ್ಲ, ಆದರೆ ಅದು ಕೂತಿದ್ದ ಬಾಡಿಯೊಳಗಿನ ಪ್ಲೈವುಡ್ ಅಡ್ಡಹಲಗೆ ಸೀಳಿಹೋಗಿದೆ, ಬಾಡಿಯ ಎರಡೂ ಪಕ್ಕ ಒಡೆದಿದೆ, ರೆಕ್ಕೆಯ ಉದ್ದದ ತೊಲೆ ಸ್ಪಾರ್ ಕೂಡ ಮುರಿದಿದೆ.

— ಬೋಲ್ಟ್ ಯಾವುದು?

— ಸ್ಟೀಲ್. ನಮ್ಮ ಕ್ಲಬ್ಬಿನ ಹಿಂದಿನ ಬ್ಯಾಚಿನವರು ಹಾಕಿದ್ದು. ಮೊದಲು ನೈಲಾನ್ ಇತ್ತಂತೆ, ಒಂದು ಸಲ ಬಿದ್ದಾಗ ಪಟ್ ಅಂತ ಮುರೀತಂತೆ. ಅದಕ್ಕೇ ಗಟ್ಟಿದು ಹಾಕಿದ್ದಾರೆ.

— ಆ ನೈಲಾನ್ ಬೋಲ್ಟ್ ಮುರಿದು ತನ್ನ ಕೆಲಸ ಮಾಡಿತ್ತು. ಮನೆಯ ಫ್ಯೂಸ್ ಸುಟ್ಟಿತು ಅಂತ ಅಲ್ಲಿಗೆ ದಪ್ಪ ತಂತಿ ಕಟ್ಟಿದ ಹಾಗೆ ಆಯ್ತು ಇದು. ಕಲಿಯೋರ ವಿಮಾನಗಳಲ್ಲಿ ರೆಕ್ಕೆನ ರಬ್ಬರ್ ಬ್ಯಾಂಡ್ ಹಾಕಿ ಕಟ್ಟೋದು ಯಾಕೆ ಗೊತ್ತಾ? ಬಿದ್ದಾಗ ರೆಕ್ಕೆ ಜಾರಿ ಹೋಗಲಿ, ಬಾಡಿ ಉಳೀಲಿ ಅಂತ. ಹೊಡೆತದ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಹತ್ತು ರೂಪಾಯಿ ಬೋಲ್ಟಿನಲ್ಲಿ ಖರ್ಚಾಗಬೇಕಾದ್ದು ನಿನ್ನ ಸ್ಪಾರ್‌ನಲ್ಲಿ ಖರ್ಚಾಯ್ತು. ಬೋಯಿಂಗ್ 747ರ ಎಂಜಿನ್‌ಗಳನ್ನ ರೆಕ್ಕೆಗೆ ಹಿಡಿಸಿರೋ ಪಿನ್‌ಗಳಿಗೆ ಫ್ಯೂಸ್ ಪಿನ್ ಅಂತಲೇ ಹೆಸರು. ಮಿತಿ ಮೀರಿದ ಹೊಡೆತ ಬಿದ್ದರೆ ಅವು ತುಂಡಾಗಿ ಎಂಜಿನ್ ಕಳಚಿಕೊಳ್ಳಬೇಕು, ಇಂಧನ ತುಂಬಿರೋ ರೆಕ್ಕೆ ಹರಿಯಬಾರದು.

— ಹಾಗಾದರೆ ಮುರಿದ ಕಡೆ ಇನ್ನೂ ಗಟ್ಟಿ ಮಾಡೋದು ತಪ್ಪಾ? ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರೂ ಮಾಡೋದೇ ಅದು. ಮುರಿದಿತಾ, ಕಾರ್ಬನ್ ಫೈಬರ್ ರಾಡ್ ಹಾಕು. ಮತ್ತೆ ಮುರಿದಿತಾ, ಎರಡು ಹಾಕು.

— ಯಾವಾಗಲೂ ತಪ್ಪು ಅನ್ನಲ್ಲ. ಆದರೆ ಅದೊಂದೇ ಉತ್ತರ ಅಂದ್ಕೊಂಡವನು ದುರಸ್ತಿ ಕಲಿತಿಲ್ಲ. ರೈಟ್ ಸಹೋದರರ ಕಥೆ ನಿನಗೆ ಗೊತ್ತಿರುತ್ತೆ, 1903ರ ಡಿಸೆಂಬರ್ 17. ಅದಕ್ಕೂ ಮುಂಚಿನ ಕೆಲವು ವಾರಗಳು ಗೊತ್ತಾ?

— ಡಿಸೆಂಬರ್ 14ಕ್ಕೆ ವಿಲ್ಬರ್ ಒಂದು ಸಲ ಪ್ರಯತ್ನ ಮಾಡಿ ಬಿದ್ದದ್ದು ಗೊತ್ತು.

— ಅದಕ್ಕೂ ಹಿಂದಿನದ್ದು. ಎಂಜಿನ್ ಶುರು ಮಾಡಿದಾಗ ಪ್ರೊಪೆಲ್ಲರ್ ತಿರುಗಿಸೋ ಶಾಫ್ಟ್‌ಗಳು ಕೆಟ್ಟವು. ಅವು ಕೊಳವೆ ಶಾಫ್ಟ್‌ಗಳು. ಡೇಟನ್‌ಗೆ ಕಳಿಸಿ ಇನ್ನೂ ದಪ್ಪ ಕೊಳವೆಯಲ್ಲಿ ಮಾಡಿಸಿ ತರಿಸಿದರು. ನವೆಂಬರ್ ಕೊನೆಗೆ ಅದರಲ್ಲೂ ಬಿರುಕು. ಆಗ ಅವರು ಇನ್ನೂ ದಪ್ಪ ಮಾಡೋಣ ಅನ್ನಲಿಲ್ಲ. ಆರ್ವಿಲ್ ತಾನೇ ಡೇಟನ್‌ಗೆ ಹೋಗಿ ಹೊಸ ಶಾಫ್ಟ್ ಮಾಡಿಸಿದ. ಮೊದಲಿನದಕ್ಕಿಂತ ಸಣ್ಣದು! ಒಳಗೆ ಟೊಳ್ಳಿಲ್ಲದ, ಸಣ್ಣ ವ್ಯಾಸದ ಉಕ್ಕಿನ ಸರಳು.

— ಸಣ್ಣದು ಹಾಕಿದರೆ ಉಳಿಯೋದು ಹೇಗೆ?

— ಆ ಎಂಜಿನ್‌ನ ಎಳೆತ ಒಂದೇ ಸಮ ಇರಲಿಲ್ಲ, ಝಟಕಾ ಝಟಕಾ ಬರ್ತಿತ್ತು. ದಪ್ಪ ಕೊಳವೆಗೆ ಬಲ ಬೇಕಾದಷ್ಟಿತ್ತು, ಮಣಿಯೋ ಗುಣ ಇರಲಿಲ್ಲ. ಸಣ್ಣ ಸರಳು ಒಂಚೂರು ತಿರುಚಿಕೊಂಡು ಆ ಝಟಕಾ ತಿಂದುಕೊಳ್ತು. ಡಿಸೆಂಬರ್ 11ಕ್ಕೆ ಆರ್ವಿಲ್ ಕಿಟಿ ಹಾಕ್‌ಗೆ ವಾಪಸ್ ಬಂದ. 14ಕ್ಕೆ ವಿಲ್ಬರ್ ಏರಿಸಿದ, ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಿತ್ತು, ಮುಂದಿನ ಎಲಿವೇಟರ್ ಕಟ್ಟು ಮುರೀತು. ಎರಡು ದಿನ ರಿಪೇರಿ. 17ಕ್ಕೆ ನಾಲ್ಕು ಸಲ ಹಾರಿತು, ಕೊನೇದು 59 ಸೆಕೆಂಡು, 852 ಅಡಿ. ಪುಸ್ತಕಗಳಲ್ಲಿ ಆ 59 ಸೆಕೆಂಡು ಇರುತ್ತೆ. ಆ ಶಾಫ್ಟಿನ ಕಥೆಗೂ ಅಷ್ಟೇ ಜಾಗ ಸಿಗಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

— ಸರಿ, ಬೋಲ್ಟ್ ಮತ್ತೆ ನೈಲಾನ್‌ದೇ ಹಾಕ್ತೀನಿ. ಸ್ಪಾರ್ ಹೇಗೆ? ಎರಡು ತುದಿ ಕೂಡಿಸಿ ಪಕ್ಕಕ್ಕೆ ಒಂದು ಪಟ್ಟಿ ಅಂಟಿಸಿದರೆ ಸಾಕಾ?

— ನೇರವಾಗಿ ಕತ್ತರಿಸಿದ ಎರಡು ತುದಿ ಎದುರುಬದುರು ಅಂಟಿಸಿದರೆ ಅಲ್ಲಿ ಅಂಟಿಗೆ ಸಿಗೋ ಜಾಗ ಸ್ಪಾರ್‌ನ ಅಡ್ಡಗಾತ್ರದಷ್ಟೇ. ಓರೆಯಾಗಿ ಕತ್ತರಿಸು. ದಪ್ಪ ಒಂದಾದರೆ ಓರೆ ಹತ್ತು, ಹನ್ನೆರಡು. ನಿನ್ನ ಸ್ಪಾರ್ ಆರು ಮಿಲಿಮೀಟರ್, ಅರವತ್ತು ಮಿಲಿಮೀಟರ್ ಉದ್ದದ ಓರೆ ಬೇಕು. ಮರದ ದೊಡ್ಡ ವಿಮಾನಗಳ ಸ್ಪಾರ್‌ಗೂ ಇದೇ ಲೆಕ್ಕ. ಪಕ್ಕಕ್ಕೆ ಪಟ್ಟಿ ಹಾಕೋದಾದರೆ ಅದರ ತುದಿಗಳನ್ನ ಚೂಪಾಗಿ ಇಳಿಸು. ಚೌಕವಾಗಿ ನಿಲ್ಲಿಸಿದರೆ ಗಟ್ಟಿ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗೋ ಗೆರೆ ಮೇಲೇ ಮುಂದಿನ ಸಲ ಮುರಿಯುತ್ತೆ.

— ಓರೆ ಒಂಚೂರು ಕಮ್ಮಿ ಆದರೆ?

— ಕಮ್ಮಿ ಮಾಡಬೇಡ. ಈ ವಿಷಯದಲ್ಲಿ ನಾನು ಬಿಡಲ್ಲ, ಯಾಕೆ ಅಂತ ಹೇಳ್ತೀನಿ ಕೇಳು. 1978ರಲ್ಲಿ ಜಪಾನ್ ಏರ್‌ಲೈನ್ಸ್‌ನ ಒಂದು 747 ಒಸಾಕಾದಲ್ಲಿ ಇಳಿಯೋವಾಗ ಅದರ ಬಾಲ ನೆಲಕ್ಕೆ ಉಜ್ಜಿತು. ಹಿಂಭಾಗದಲ್ಲಿ ಒಳಗಿನ ಗಾಳಿಯ ಒತ್ತಡ ತಡೆಯೋ ಒಂದು ಬಟ್ಟಲಿನ ಆಕಾರದ ಗೋಡೆ ಇರುತ್ತೆ, ಅದರ ಕೆಳಗಿನ ಅರ್ಧ ಬದಲಾಯಿಸಿದರು. ಹಳೇ ಅರ್ಧ, ಹೊಸ ಅರ್ಧ ಸೇರೋ ಕಡೆ ಮಧ್ಯೆ ಒಂದೇ ಅಖಂಡ ತಗಡು ಇರಬೇಕಿತ್ತು, ಭಾರ ಎರಡು ಸಾಲು ರಿವೆಟ್‌ಗೆ ಹಂಚಿಹೋಗಬೇಕಿತ್ತು. ಆ ತಗಡನ್ನ ಎರಡು ತುಂಡು ಮಾಡಿ ಕೂರಿಸಿದ್ದರು. ಹಾಗಾಗಿ ಭಾರವೆಲ್ಲ ಒಂದೇ ಸಾಲಿನ ಮೇಲೆ. ಹೊರಗಿಂದ ನೋಡಿದರೆ ರಿವೆಟ್‌ಗಳೆಲ್ಲ ಸಾಲಾಗಿ ನೆಟ್ಟಗೇ ಕಾಣ್ತಿದ್ದವು.

— ಎಷ್ಟು ದಿನ ಹಾರಿತು?

— ಏಳು ವರ್ಷ. ಪ್ರತಿ ಸಲ ಏರಿದಾಗಲೂ ಒಳಗೆ ಒತ್ತಡ, ಇಳಿದಾಗ ಸಡಿಲ, ಬಿರುಕು ಸ್ವಲ್ಪ ಸ್ವಲ್ಪವೇ ಬೆಳೀತಾ ಬಂತು. 1985ರ ಆಗಸ್ಟ್ 12ಕ್ಕೆ ಆ ಗೋಡೆ ಒಡೀತು. ನುಗ್ಗಿದ ಗಾಳಿ ಬಾಲದ ಲಂಬ ರೆಕ್ಕೆಯನ್ನ ಕಿತ್ತುಹಾಕಿತು, ಹೈಡ್ರಾಲಿಕ್ ಕೊಳವೆಗಳೆಲ್ಲ ಹರಿದವು. 524 ಜನರಲ್ಲಿ 520 ಜನ ಸತ್ತರು.

— …

— ನಾನು ಎಚ್‌ಎಎಲ್ ಓವರ್‌ಹಾಲ್ ಶಾಪಿನಲ್ಲಿ ಇದ್ದಾಗ ಹೊಸದಾಗಿ ಬಂದ ಹುಡುಗರಿಗೆ ಇದನ್ನ ಹೇಳದೆ ಕೈಗೆ ಡ್ರಿಲ್ ಕೊಡ್ತಿರಲಿಲ್ಲ. ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋ ದಾರಿ ಕಡಿದುಹೋಗಿರುತ್ತೆ. ಆ ದಾರಿ ಪೂರ್ತಿ ತೆರೆದುಕೊಡೋದು ದುರಸ್ತಿ. ಬಿರುಕು ಮುಚ್ಚೋದು ಬೇರೆ ಕೆಲಸ.

— ಸ್ಪಾರ್‌ಗೆ ಯಾವ ಅಂಟು? ಐದು ನಿಮಿಷದ ಅರಾಲ್ಡೈಟಾ?

— ಬೇಡ. ಮರ ಹೀರಿಕೊಳ್ಳೋ ಮುಂಚೆಯೇ ಅದು ಬಿಗಿಯುತ್ತೆ. ನಿಧಾನದ ಎಪಾಕ್ಸಿ, ಇಲ್ಲ ಮರಗೆಲಸದ ಫೆವಿಕಾಲ್ ಸಾಕು. ಫೆವಿಕಾಲ್ ಹಾಕಿ ರಾತ್ರಿ ಇಡೀ ಕ್ಲಾಂಪ್ ಬಿಗಿದಿಡು. ಕೆಳಗೆ ಸಮತಟ್ಟಾದ ಹಲಗೆ ಇರಲಿ, ಪ್ಲಾಸ್ಟಿಕ್ ಹಾಳೆ ಹಾಸಿರಲಿ. ಆರೋವಾಗ ರೆಕ್ಕೆ ಒಂಚೂರು ತಿರುಚಿಕೊಂಡರೂ ವಿಮಾನ ಜೀವಮಾನವಿಡೀ ಒಂದು ಕಡೆಗೆ ವಾಲುತ್ತೆ.

— ಒಡೆದ ರಿಬ್‌ಗಳಿಗೆ ನನ್ನ ಹತ್ತಿರ ಬಾಲ್ಸಾ ಹಾಳೆ ಇದೆ.

— ಎಷ್ಟು ಗಟ್ಟಿದು? ಬಾಲ್ಸಾ ಎಲ್ಲ ಒಂದೇ ಅಲ್ಲ. ಬಹುಪಾಲು ಈಕ್ವೆಡಾರ್‌ನಿಂದ ಬರುತ್ತೆ. ಒಂದು ಹಾಳೆ ಘನಮೀಟರಿಗೆ ನೂರು ಕಿಲೋ ತೂಗಿದರೆ ಅದೇ ಅಂಗಡಿಯ ಇನ್ನೊಂದು ಇನ್ನೂರು ತೂಗುತ್ತೆ. ಪಕ್ಕದ ರಿಬ್ ಎಷ್ಟು ತೂಗುತ್ತೋ ಹೊಸದೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಈಗೀಗ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳ ಒಳಗೂ ಇದನ್ನೇ ತುಂಬ್ತಾರೆ, ಒಳ್ಳೆ ಹಾಳೆ ಸಿಗೋದು ಕಷ್ಟ. ಸಿಕ್ಕಿದ್ದನ್ನ ಪೋಲು ಮಾಡಬೇಡ.

— ತೂಕದ ಮಾತು ಬಂತಲ್ಲ, ಬಾಲದ ಹತ್ತಿರ ಒಂದಿಷ್ಟು ಹೆಚ್ಚೇ ಅಂಟು ಹಾಕಿಬಿಟ್ಟರೆ ಏನಾಗುತ್ತೆ? ಹತ್ತು ಗ್ರಾಂ, ಅಷ್ಟೇ.

— ತೂಕದ ಕೇಂದ್ರದಿಂದ ಬಾಲಕ್ಕೆ ಎಷ್ಟು ದೂರ?

— ಸುಮಾರು ಅರವತ್ತು ಸೆಂಟಿಮೀಟರ್. ಮೂಗಿಗೆ ಇಪ್ಪತ್ತು.

— ಹಾಗಾದರೆ ಬಾಲದಲ್ಲಿ ಹತ್ತು ಗ್ರಾಂ ಏರಿಸಿದರೆ ಅದನ್ನ ಸರಿದೂಗಿಸೋಕೆ ಮೂಗಿನಲ್ಲಿ ಮೂವತ್ತು ಗ್ರಾಂ ಸೀಸ ಹಾಕಬೇಕು. ಒಟ್ಟು ನಲವತ್ತು ಗ್ರಾಂ. ಸರಿದೂಗಿಸದೆ ಹಾಗೇ ಹಾರಿಸಿದರೆ ಇನ್ನೂ ಕೆಟ್ಟದ್ದು. ಬಾಲ ಭಾರವಾದ ವಿಮಾನ ಸ್ಟಿಕ್ ಮುಟ್ಟಿದರೆ ಎಗರುತ್ತೆ, ಕೈಗೆ ಸಿಗಲ್ಲ. ನಿನ್ನ ರೆಕ್ಕೆ ಅಗಲ ಇಪ್ಪತ್ತೈದು ಸೆಂಟಿಮೀಟರ್ ಇದೆಯಲ್ಲ, ಮುಂದಿನ ಅಂಚಿನಿಂದ ಸುಮಾರು ಏಳು ಸೆಂಟಿಮೀಟರ್ ಹಿಂದೆ ಎರಡು ಬೆರಳ ಮೇಲೆ ಎತ್ತಿದರೆ ಸಮವಾಗಿ ನಿಲ್ಲಬೇಕು, ಮೂಗು ಒಂಚೂರು ಕೆಳಗಿದ್ದರೂ ಸರಿ.

— ಫೋಮ್ ವಿಮಾನ ಆಗಿದ್ದರೆ ಇಷ್ಟು ಕಷ್ಟ ಇರ್ತಿರಲಿಲ್ಲ ದೊಡ್ಡಪ್ಪ.

— ಅದು ನನಗೆ ಗೊತ್ತಿಲ್ಲದ ಲೋಕ. ನೀನೇ ಹೇಳು.

— ಈಗ ಅಂಗಡಿಯಲ್ಲಿ ಸಿಗೋ ರೆಡಿ ವಿಮಾನಗಳು ಹೆಚ್ಚಾಗಿ ಇಪಿಒ ಫೋಮ್. ಮೂಗು ಜಜ್ಜಿ ಸುಕ್ಕಾಗಿದ್ದರೆ ಕುದಿಯೋ ನೀರು ಹುಯ್ಯೋದು, ಇಲ್ಲ ಹಬೆ ಹಿಡಿಯೋದು. ಫೋಮ್‌ನ ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿರೋ ಗಾಳಿ ಬಿಸಿಗೆ ಹಿಗ್ಗಿ ಸುಕ್ಕು ಬಿಡುತ್ತೆ, ಆಕಾರ ಬಹುಮಟ್ಟಿಗೆ ವಾಪಸ್ ಬರುತ್ತೆ. ಥರ್ಮಾಕೋಲ್‌ಗೆ ಇದನ್ನ ಮಾಡಿದರೆ ಕೆಡುತ್ತೆ. ಥರ್ಮಾಕೋಲ್‌ಗೆ ಫೆವಿಕ್ವಿಕ್ಕೂ ಹಾಕಬಾರದು, ಕರಗಿ ಗುಂಡಿ ಬೀಳುತ್ತೆ. ಇಪಿಪಿ ಅಂತ ಇನ್ನೊಂದಿದೆ, ಅದು ಬಿದ್ದರೂ ಪುಟಿದು ನಿಲ್ಲುತ್ತೆ.

— ಬಿಸಿನೀರಿನಲ್ಲಿ ಆಕಾರ ವಾಪಸ್ ಬಂದ ಫೋಮ್‌ಗೆ ಮೊದಲಿನ ಬಲ ಇರುತ್ತಾ?

— ಪೂರ್ತಿ ಇರಲ್ಲ. ಒಳಗಿನ ಗುಳ್ಳೆಗಳು ಒಂದು ಸಲ ಮಡಿಸಿಕೊಂಡಿರುತ್ತವಲ್ಲ. ಅದಕ್ಕೇ ಮೇಲೆ ನಾರಿನ ಟೇಪು ಹಾಕ್ತೀವಿ, ರೆಕ್ಕೆಯ ಕೆಳಮೈಗೆ ಉದ್ದಕ್ಕೆ. ಎಳೆತ ಬರೋದು ಕೆಳಮೈಗೆ.

— ನೋಡು, ಭಾರದ ದಾರಿ ನಿನಗೆ ಗೊತ್ತೇ ಇದೆ.

— ಒಂದು ಮಾತು ಕೇಳ್ಲಾ? ಈ ಬಾಲ್ಸಾ ವಿಮಾನಕ್ಕೆ ಇಷ್ಟು ದಿನ ಕೂರೋ ಬದಲು ಹೊಸ ಫೋಮ್ ವಿಮಾನ ಕೊಂಡುಬಿಡಿ ಅಂತಾರೆ ನಮ್ಮ ಕ್ಲಬ್ಬಿನಲ್ಲಿ. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿನೇ.

— ಕೆಲವು ಸಲ ಕೊಳ್ಳೋದೇ ಸರಿ. ಬಾಡಿ ಉದ್ದಕ್ಕೂ ತಿರುಚಿಕೊಂಡಿದ್ದು, ನೇರ ಮಾಡೋಕೆ ಒಂದು ನಂಬೋ ಅಂಚೂ ಉಳಿದಿಲ್ಲ ಅಂದರೆ ಮೋಟಾರು, ಸರ್ವೋ ಬಿಚ್ಚಿಕೊಂಡು ಅದನ್ನ ಬಿಡಬೇಕು. ಇದರಲ್ಲಿ ಬಲಗಡೆ ರೆಕ್ಕೆ ಇಡಿಯಾಗಿ ಉಳಿದಿದೆ, ಎಡಗಡೆಗೆ ಅಳತೆ ತೆಗೆಯೋಕೆ ಅದೇ ಸಾಕು. ಮತ್ತೆ, ನೀವು ಕಾಂಪಿಟಿಷನ್‌ಗೆ ಸ್ವಂತ ವಿಮಾನ ಡಿಸೈನ್ ಮಾಡೋರು. ಎಲ್ಲಿ ಮುರಿಯುತ್ತೆ ಅಂತ ಕಣ್ಣಾರೆ ಕಂಡವರು ಎಲ್ಲಿ ಗ್ರಾಂ ಉಳಿಸಬಹುದು, ಎಲ್ಲಿ ಉಳಿಸಬಾರದು ಅಂತ ಬರೀ ಕಂಪ್ಯೂಟರ್ ನೋಡಿದವರಿಗಿಂತ ಚೆನ್ನಾಗಿ ಹೇಳ್ತಾರೆ. ನನಗಂತೂ ಇದರಲ್ಲಿ ಅನುಮಾನ ಇಲ್ಲ.

— ಪ್ರೊಪೆಲ್ಲರ್‌ನ ಒಂದು ತುದಿ ಮಾತ್ರ ಚಕ್ಕೆ ಎದ್ದಿದೆ.

— ಎಸೆದುಬಿಡು. ಈಗಲೇ, ನನ್ನೆದುರಿಗೇ ಮುರಿದು ಎಸಿ, ಇನ್ಯಾರೂ ಎತ್ತಿ ಹಾಕಿಕೊಳ್ಳಬಾರದು. ನಿಮಿಷಕ್ಕೆ ಎಂಟು ಹತ್ತು ಸಾವಿರ ಸುತ್ತು ತಿರುಗೋದಕ್ಕೆ ಅಂಟು ಹಾಕೋ ಮಾತೇ ಇಲ್ಲ.

— ಮೋಟಾರಿನ ಶಾಫ್ಟ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡ್ತೀನಿ, ಬಾಗಿದ್ದರೆ ಕುಣಿಯುತ್ತೆ. ಸರ್ವೋಗಳನ್ನ ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಹಲ್ಲು ಮುರಿದಿರೋದು ಬೆರಳಿಗೆ ಗೊತ್ತಾಗುತ್ತೆ. ರಿಸೀವರ್ ಆಂಟೆನಾದ ತುದಿಯ 31 ಮಿಲಿಮೀಟರ್ ಇಡಿಯಾಗಿದೆ, ಆದರೂ ಹಾರಿಸೋ ಮುಂಚೆ ರೇಂಜ್ ಚೆಕ್ ಮಾಡ್ತೀನಿ. 2.4 ಗಿಗಾಹರ್ಟ್ಸ್‌ಗೆ ಆ ಉದ್ದ ತರಂಗದ ಕಾಲು ಭಾಗ, ಕತ್ತರಿಸಿಹೋಗಿದ್ದರೆ ಸಿಕ್ಕಿದ ತಂತಿ ಬೆಸೆಯೋ ಹಾಗಿಲ್ಲ.

— ಅದೆಲ್ಲ ನಿನಗೆ ಬಿಟ್ಟೆ. ಕೊನೆಗೆ ಒಂದು ಮಾತ್ರ ನಾನೂ ಎದುರಿಗೆ ಇರಬೇಕು. ಎಲ್ಲ ತಂತಿ ಮತ್ತೆ ಜೋಡಿಸಿದ ಮೇಲೆ ಸ್ಟಿಕ್ ಬಲಕ್ಕೆ ಒತ್ತಿದರೆ ಏನಾಗಬೇಕು?

— ರೆಕ್ಕೆಯ ಹಿಂದಂಚಿನ ಬಲಗಡೆ ಏಲೆರಾನ್ ಮೇಲಕ್ಕೆ, ಎಡಗಡೆದು ಕೆಳಕ್ಕೆ. ಅದು ಎಲ್ಲರಿಗೂ ಗೊತ್ತಿರುತ್ತೆ ದೊಡ್ಡಪ್ಪ.

— 2018ರ ನವೆಂಬರ್ 11ಕ್ಕೆ ಪೋರ್ಚುಗಲ್‌ನಲ್ಲಿ ಏರ್ ಅಸ್ತಾನಾದ ಒಂದು ಎಂಬ್ರಾಯರ್ ಜೆಟ್ ದೊಡ್ಡ ರಿಪೇರಿ ಮುಗಿಸಿ ಅಲ್ವೆರ್ಕಾದಿಂದ ಮೇಲೆದ್ದಿತು. ಏಲೆರಾನ್ ಕೇಬಲ್‌ಗಳು ಅದಲುಬದಲಾಗಿದ್ದವು. ಪೈಲಟ್ ಬಲಕ್ಕೆ ತಿರುಗಿಸಿದರೆ ವಿಮಾನ ಎಡಕ್ಕೆ ವಾಲ್ತಿತ್ತು. ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಹೆಣಗಾಡಿ ಹೇಗೋ ಬೇಜಾದಲ್ಲಿ ಇಳಿಸಿದರು. ವಿಮಾನ ಮತ್ತೆ ಹಾರೋ ಸ್ಥಿತಿಯಲ್ಲಿ ಉಳಿಯಲಿಲ್ಲ. ಯಾವ ಏಲೆರಾನ್ ಯಾವ ಕಡೆ ಏಳಬೇಕು ಅಂತ ಅಲ್ಲಿದ್ದವರಿಗೂ ಗೊತ್ತಿತ್ತು. ಕೆಲಸ ಮಾಡಿದವರೇ ನೋಡಿದರೆ ಕಣ್ಣು ಇರೋದನ್ನ ಬಿಟ್ಟು ಇರಬೇಕಾದ್ದನ್ನೇ ನೋಡುತ್ತೆ. ಇಬ್ಬರು ನೋಡಬೇಕು, ಒಬ್ಬರು ಸ್ಟಿಕ್ ಹಿಡಿಯೋರು, ಇನ್ನೊಬ್ಬರು ಹಿಂದೆ ನಿಂತು ಬಾಯಿ ಬಿಟ್ಟು ಹೇಳೋರು.

— ಆಯ್ತು, ನೀವೇ ಹಿಂದೆ ನಿಂತುಕೊಳ್ಳಿ. ಆಮೇಲೆ ಹಾರಿಸೋಕೆ ಮತ್ತೆ ಕೋಲಾರದ ಕಡೆಗೇ ಹೋಗಬೇಕು. ಇಲ್ಲಿ ಸುತ್ತಲೂ ವಿಮಾನ ನಿಲ್ದಾಣಗಳೇ, ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಜಕ್ಕೂರು, ಯಲಹಂಕ, ಮೇಲೆ ದೇವನಹಳ್ಳಿ. 2021ರ ಡ್ರೋನ್ ನಿಯಮ ಬಂದ ಮೇಲೆ ಮ್ಯಾಪಿನಲ್ಲಿ ಕೆಂಪು, ಹಳದಿ, ಹಸಿರು ವಲಯ ಅಂತ ಗುರುತಿಸಿದ್ದಾರೆ, ನೋಡಿಕೊಂಡೇ ಹೊರಡೋದು.

— ಕಣ್ಣಳತೆ ದೂರದೊಳಗೇ ಹಾರಿಸಿ. ಮೊದಲ ಹಾರಾಟದಲ್ಲಿ ಲೂಪ್ ಬೇಡ. ಎತ್ತರಕ್ಕೆ ಹೋಗಿ ನಿಧಾನವಾಗಿ ಎರಡು ಸುತ್ತು, ಇಳಿಸಿ ಹಿಂಜುಗಳನ್ನ ಮತ್ತೆ ಜಗ್ಗಿ ನೋಡು, ಆಮೇಲೆ ವೇಗ.

— ಸರಿ. ಅರಾಲ್ಡೈಟ್ ಈಗಲಾದರೂ ಕೊಡ್ತೀರಾ?

— ಆ ಕಪಾಟಿನಲ್ಲಿ ಎರಡನೇ ಅರೆಯಲ್ಲಿ ಫೆವಿಕಾಲ್ ಇದೆ, ಅದನ್ನ ತಗೋ. ಮರ ಕೊಯ್ಯೋ ಸಣ್ಣ ಗರಗಸವನ್ನೂ ತಾ, ಮೊದಲು ಸ್ಪಾರ್‌ನ ಓರೆ ಗೆರೆ ಎಳೆಯೋಣ.